ರಕ್ತದ ಗುಂಪು, ಅಂಗಾಂಶದ ಗುರುತು ಮತ್ತು ಚರ್ಮದ ಕ್ಯಾನ್ಸರ್



ವಿಜಯಪುರದ ಒಂದು ಕಾಲೇಜಿನಲ್ಲಿ ರಕ್ತದ ಗುಂಪಿನ ಪರೀಕ್ಷೆಯ ಶಿಬಿರ ನಡೆದಿತ್ತು. ತಿಕೋಟಾ, ಬಬಲೇಶ್ವರಗಳಿಂದ ಬೆಳಗಿನ ಬಸ್ಸಿಗೆ ಬರುವ ಹುಡುಗ ಹುಡುಗಿಯರೆಲ್ಲ ಸಾಲಿನಲ್ಲಿ ನಿಂತು ಬೆರಳು ಚುಚ್ಚಿಸಿಕೊಂಡರು. ಒಬ್ಬೊಬ್ಬರಿಗೂ ಅವರವರ ಗುಂಪು ಬರೆದ ಒಂದು ಪುಟ್ಟ ಕಾರ್ಡು ಸಿಕ್ಕಿತು. ಎಲ್ಲರೂ ಹೋದ ಮೇಲೆ ಬಬಲೇಶ್ವರದ ಕಡೆಯ ಒಬ್ಬ ವಿದ್ಯಾರ್ಥಿನಿ ಮಾತ್ರ ಆ ಕಾರ್ಡನ್ನು ಹಿಡಿದುಕೊಂಡು ನಿಂತೇ ಇದ್ದಳು. ಅವಳದು ‘ಓ’ ಗುಂಪು. ‘ಓ’ ಗುಂಪಿನವರಿಗೆ ಚರ್ಮದ ಕ್ಯಾನ್ಸರ್ ಹೆಚ್ಚು ಎಂದು ಅವಳು ಎಲ್ಲೋ ಓದಿದ್ದಳು. ಅವಳ ತಂದೆಯ ತಂದೆಗೆ ಮೊಣಕಾಲ ಕೆಳಗೆ ಎರಡು ವರ್ಷದಿಂದ ಮಾಯದ ಒಂದು ಹುಣ್ಣು ಇತ್ತು. ಅವರದೂ ‘ಓ’ ಗುಂಪೇ.

“ಅಜ್ಜಗೂ ಓ, ನನಗೂ ಓ. ಹಂಗಾದ್ರ ನನಗೂ ಬರ್ತದೇನ್ರಿ ಸರ್?”

ಇಂದಿನ ಮಾತು ಆ ಪ್ರಶ್ನೆಯನ್ನು ಕುರಿತದ್ದು. ಪ್ರಶ್ನೆ ಚಿಕ್ಕದು. ಆದರೆ ಅದರೊಳಗೆ ಮೂರು ಪ್ರಶ್ನೆಗಳು ಹೆಣೆದುಕೊಂಡಿವೆ. ರಕ್ತದ ಗುಂಪು ಹೇಗೆ ಬರುತ್ತದೆ, ಚರ್ಮದ ಕ್ಯಾನ್ಸರ್ ಏಕೆ ಬರುತ್ತದೆ, ಎರಡಕ್ಕೂ ಸಂಬಂಧ ಇದೆಯೆ? ನೀವು ಒಂದು ಕಾಗದ, ಒಂದು ಪೆನ್ಸಿಲ್ ಹತ್ತಿರ ಇಟ್ಟುಕೊಳ್ಳಿ. ಕೇಳುತ್ತ ಹೋದರೆ ಮರೆತುಹೋಗುವ ವಿಷಯ ಇದು, ಬರೆದರೆ ಉಳಿಯುತ್ತದೆ.

ಮೊದಲು ರಕ್ತ. 1900 ಮತ್ತು 1901ರಲ್ಲಿ ವಿಯೆನ್ನಾ ನಗರದ ಕಾರ್ಲ್ ಲ್ಯಾಂಡ್‌ಸ್ಟೈನರ್ ಎಂಬ ವೈದ್ಯರು ತಮ್ಮ ಮತ್ತು ತಮ್ಮ ಸಹೋದ್ಯೋಗಿಗಳ ರಕ್ತವನ್ನೇ ತೆಗೆದು, ಒಬ್ಬರ ಕೆಂಪು ಕಣಗಳನ್ನು ಮತ್ತೊಬ್ಬರ ರಕ್ತದ್ರವದೊಡನೆ ಬೆರೆಸಿ ನೋಡಿದರು. ಕೆಲವು ಜೋಡಿಗಳಲ್ಲಿ ಏನೂ ಆಗಲಿಲ್ಲ. ಕೆಲವು ಜೋಡಿಗಳಲ್ಲಿ ಕಣಗಳು ಹಾಲು ಒಡೆದಂತೆ ಗಂಟುಗಟ್ಟಿದವು. ಇಷ್ಟು ಸರಳವಾದ ಪ್ರಯೋಗದಿಂದ ರಕ್ತದ ಗುಂಪುಗಳು ಬೆಳಕಿಗೆ ಬಂದವು. 1930ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಶಿಬಿರದಲ್ಲಿ ಗಾಜಿನ ಪಟ್ಟಿಯ ಮೇಲೆ ನಿಮ್ಮ ರಕ್ತದ ಹನಿಗೆ ಔಷಧಿ ಹಾಕಿ ಕಡ್ಡಿಯಿಂದ ಕಲಕಿದರಲ್ಲ, ಅದು ಇಂದಿಗೂ ಅದೇ ಪ್ರಯೋಗ.

ಆ ಗುಂಪು ಎಂದರೆ ಏನು? ಕಣದ ಹೊರಮೈಯಲ್ಲಿ ಸಕ್ಕರೆಯ ಅಣುಗಳ ಚಿಕ್ಕ ಸರಪಣಿಗಳಿರುತ್ತವೆ. ಸರಪಣಿಯ ತುದಿಗೆ ಒಂದು ಬಗೆಯ ಸಕ್ಕರೆ ಕೂಡಿದರೆ ‘ಎ’, ಇನ್ನೊಂದು ಬಗೆಯದು ಕೂಡಿದರೆ ‘ಬಿ’, ಎರಡೂ ಬಗೆಯ ಸರಪಣಿಗಳಿದ್ದರೆ ‘ಎಬಿ’, ಯಾವುದೂ ಕೂಡದೆ ತುದಿ ಬರಿದಾಗಿಯೇ ಉಳಿದರೆ ‘ಓ’. ಸಕ್ಕರೆಯನ್ನು ಕೂಡಿಸುವ ಕೆಲಸ ಒಂದು ಕಿಣ್ವದ್ದು. ಆ ಕಿಣ್ವವನ್ನು ತಯಾರಿಸುವ ಆದೇಶ ನಮ್ಮ 9ನೆಯ ವರ್ಣತಂತುವಿನಲ್ಲಿದೆ. ‘ಓ’ ಎನ್ನುವುದು ಹೆಚ್ಚಿನವರಲ್ಲಿ ಆ ಆದೇಶದ ಒಂದೇ ಒಂದು ಅಕ್ಷರ ಬಿಟ್ಟುಹೋದದ್ದರ ಫಲ. ಒಂದು ಅಕ್ಷರ ಬಿಟ್ಟರೆ ಮುಂದಿನ ವಾಕ್ಯವೆಲ್ಲ ಅರ್ಥ ಕಳೆದುಕೊಳ್ಳುತ್ತದೆ, ಕಿಣ್ವ ಕೆಲಸ ಮಾಡುವುದಿಲ್ಲ. 1990ರಲ್ಲಿ ಇದು ಪತ್ತೆಯಾಯಿತು.

ಇನ್ನೊಂದು ಸಂಗತಿಯನ್ನು ಗಮನಿಸಿ. ಈ ಸಕ್ಕರೆಯ ಗುರುತುಗಳು ಕೆಂಪು ಕಣಗಳ ಮೇಲೆ ಮಾತ್ರ ಇರುವುದಿಲ್ಲ. ಕರುಳಿನ ಒಳಪದರದಲ್ಲಿ, ಬಹಳ ಜನರ ಜೊಲ್ಲಿನಲ್ಲಿ, ಕೊನೆಗೆ ಚರ್ಮದ ಮೇಲ್ಪದರದ ಕೋಶಗಳಲ್ಲಿಯೂ ಇವೆ. ಆದ್ದರಿಂದ ರಕ್ತದ ಗುಂಪಿಗೂ ಚರ್ಮಕ್ಕೂ ಏನು ಸಂಬಂಧ ಎಂದು ಕೇಳುವುದು ಹುಚ್ಚು ಪ್ರಶ್ನೆಯಲ್ಲ.

ಈಗ ಪೆನ್ಸಿಲ್ ತೆಗೆದುಕೊಳ್ಳಿ. ಈ ಆದೇಶದ ಎರಡು ಪ್ರತಿಗಳು ನಮ್ಮಲ್ಲಿರುತ್ತವೆ, ಒಂದು ತಾಯಿಯಿಂದ ಬಂದದ್ದು, ಒಂದು ತಂದೆಯಿಂದ ಬಂದದ್ದು. ಆ ವಿದ್ಯಾರ್ಥಿನಿಯ ಅಜ್ಜ ‘ಓ’ ಗುಂಪಿನವರು. ಎಂದರೆ ಅವರ ಎರಡೂ ಪ್ರತಿಗಳು ‘ಓ’. ಅವಳ ತಂದೆಯದು ‘ಎ’ ಗುಂಪು ಎಂದು ಅವಳೇ ಹೇಳಿದಳು. ತಂದೆಗೆ ಅಜ್ಜನಿಂದ ‘ಓ’ ಅಲ್ಲದೆ ಬೇರೆ ಬರುವಂತಿಲ್ಲ. ಆದ್ದರಿಂದ ಅವರ ‘ಎ’ ಬಂದದ್ದು ಅಜ್ಜಿಯಿಂದ. ಇನ್ನು ಇವಳದು ‘ಓ’, ಎಂದರೆ ತಂದೆಯಿಂದ ಇವಳಿಗೆ ಸಂದದ್ದು ಅವರ ‘ಓ’ ಪ್ರತಿ. ಅದು ಅಜ್ಜನದೇ. ಹೀಗೆ ಒಂದು ಕಾರ್ಡು, ಎರಡು ಮಾತು ಇಟ್ಟುಕೊಂಡು ಅಜ್ಜನ ಒಂದು ಅಕ್ಷರಲೋಪ ಮೊಮ್ಮಗಳವರೆಗೆ ನಡೆದು ಬಂದ ದಾರಿಯನ್ನು ನಾವು ನಿಸ್ಸಂದೇಹವಾಗಿ ಬರೆಯಬಹುದು. ನಿಮ್ಮ ಮನೆಯವರ ಗುಂಪುಗಳನ್ನು ಕೇಳಿ ನೀವೂ ಬರೆದು ನೋಡಿ. ತಂದೆ ‘ಎ’, ತಾಯಿ ‘ಬಿ’ ಆಗಿದ್ದು ಮಗು ‘ಓ’ ಆದರೆ ಕೆಲವರು ಗಾಬರಿಯಾಗುತ್ತಾರೆ. ಬರೆದು ನೋಡಿದವರು ಗಾಬರಿಯಾಗುವುದಿಲ್ಲ.

ಸರಿ, ಅಜ್ಜನ ‘ಓ’ ಮೊಮ್ಮಗಳಿಗೆ ಬಂದಿದೆ. ಅದರ ಜೊತೆಗೆ ಹುಣ್ಣೂ ಬರುತ್ತದೆಯೆ?

ರಕ್ತದ ಗುಂಪಿಗೂ ಕಾಯಿಲೆಗೂ ನಂಟು ಹುಡುಕುವ ಕೆಲಸ ಹಳೆಯದು. ಮೊದಲ ಮಹಾಯುದ್ಧದ ಕಾಲದಲ್ಲಿ ಗ್ರೀಸಿನ ಸಲೋನಿಕಾದಲ್ಲಿ ಹಿರ್ಜ್‌ಫೆಲ್ಡ್ ದಂಪತಿಗಳು ನಾನಾ ದೇಶದ ಸೈನಿಕರ ರಕ್ತವನ್ನು ಪರೀಕ್ಷಿಸಿದರು. ಅವರಲ್ಲಿ ನಮ್ಮ ದೇಶದ ಸಿಪಾಯಿಗಳೂ ಇದ್ದರು. ಯೂರೋಪಿನವರಲ್ಲಿ ‘ಎ’ ಹೆಚ್ಚು, ಭಾರತೀಯರಲ್ಲಿ ‘ಬಿ’ ಹೆಚ್ಚು ಎಂದು 1919ರಲ್ಲಿ ಅವರು ಪ್ರಕಟಿಸಿದರು. ಇಲ್ಲಿ ಒಂದು ಎಚ್ಚರಿಕೆ ಅಡಗಿದೆ. ಗುಂಪುಗಳ ಪ್ರಮಾಣ ಜನದಿಂದ ಜನಕ್ಕೆ ಬೇರೆಯಾದರೆ, ಒಂದು ದೇಶದ ಲೆಕ್ಕವನ್ನು ಇನ್ನೊಂದು ದೇಶಕ್ಕೆ ಹಾಗೆಯೇ ಎತ್ತಿ ಹಾಕಲು ಬರುವುದಿಲ್ಲ. 1953ರಲ್ಲಿ ಇಂಗ್ಲೆಂಡಿನ ವೈದ್ಯರು ಜಠರದ ಕ್ಯಾನ್ಸರ್ ‘ಎ’ ಗುಂಪಿನವರಲ್ಲಿ ಸ್ವಲ್ಪ ಹೆಚ್ಚು ಎಂದು ತೋರಿಸಿದರು. ಆ ಮಾತು ಇಂದಿಗೂ ನಿಂತಿದೆ.

ಚರ್ಮದ ವಿಷಯದಲ್ಲಿ ನಮ್ಮ ವಿದ್ಯಾರ್ಥಿನಿ ಓದಿದ್ದು ಸುಳ್ಳಲ್ಲ. 2010ರಲ್ಲಿ ಅಮೆರಿಕದ ಒಂದು ಅಧ್ಯಯನ ಪ್ರಕಟವಾಯಿತು. ಅಲ್ಲಿ 1976ರಿಂದ ದಾದಿಯರ ಒಂದು ದೊಡ್ಡ ಸಮೂಹವನ್ನೂ 1986ರಿಂದ ಆರೋಗ್ಯವೃತ್ತಿಯ ಪುರುಷರ ಇನ್ನೊಂದು ಸಮೂಹವನ್ನೂ ವರ್ಷಾನುಗಟ್ಟಲೆ ಗಮನಿಸುತ್ತ ಬಂದಿದ್ದಾರೆ. ಅವರ ರಕ್ತದ ಗುಂಪನ್ನೂ ಅವರಿಗೆ ಬಂದ ಚರ್ಮದ ಕ್ಯಾನ್ಸರನ್ನೂ ಹೋಲಿಸಿ ನೋಡಿದಾಗ, ‘ಓ’ ಅಲ್ಲದವರಲ್ಲಿ ಶಲ್ಕಕೋಶದ ಕ್ಯಾನ್ಸರ್ ಶೇಕಡಾ 14ರಷ್ಟು ಕಡಿಮೆ ಇತ್ತು. ತಳಕೋಶದ ಕ್ಯಾನ್ಸರ್ ಶೇಕಡಾ 4ರಷ್ಟು ಮಾತ್ರ ಕಡಿಮೆ. ಮೆಲನೋಮ ಎಂಬ ಮೂರನೆಯ ಬಗೆಯಲ್ಲಿ ಕಂಡ ವ್ಯತ್ಯಾಸ ಆಕಸ್ಮಿಕವೂ ಇದ್ದೀತು ಎನ್ನುವಷ್ಟು ಸಣ್ಣದು.

ಶೇಕಡಾ 14 ಎಂದರೆ ದೊಡ್ಡದಾಗಿ ಕೇಳಿಸುತ್ತದೆ. ಒಂದು ಉದಾಹರಣೆ ಕಟ್ಟೋಣ. ‘ಓ’ ಗುಂಪಿನ ಒಂದು ಸಾವಿರ ಜನರಲ್ಲಿ ಹತ್ತು ಜನಕ್ಕೆ ಆ ಕ್ಯಾನ್ಸರ್ ಬರುತ್ತದೆ ಎಂದು ಇಟ್ಟುಕೊಳ್ಳಿ. ಹಾಗಾದರೆ ಉಳಿದ ಗುಂಪಿನ ಸಾವಿರ ಜನರಲ್ಲಿ ಎಂಟೋ ಒಂಬತ್ತೋ ಜನಕ್ಕೆ ಬರುತ್ತದೆ. ‘ಓ’ ಗುಂಪಿನ ಉಳಿದ 990 ಜನಕ್ಕೆ ಬರುವುದೇ ಇಲ್ಲ. ಪತ್ರಿಕೆಯ ತಲೆಬರಹದಲ್ಲಿ ಶೇಕಡಾವಾರು ಕಂಡಾಗಲೆಲ್ಲ ‘ಎಷ್ಟರಲ್ಲಿ ಎಷ್ಟು?’ ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಿ, ಅರ್ಧ ಭಯ ಅಲ್ಲಿಯೇ ಇಳಿಯುತ್ತದೆ. ಅದಲ್ಲದೆ ಆ ಅಧ್ಯಯನದಲ್ಲಿದ್ದವರು ಬಹುಪಾಲು ಬಿಳಿಯ ಚರ್ಮದವರು. ಅವರಲ್ಲಿ ಚರ್ಮದ ಕ್ಯಾನ್ಸರ್ ಸಾಮಾನ್ಯ. ನಮ್ಮ ದೇಶದಲ್ಲಿ ಪತ್ತೆಯಾಗುವ ಎಲ್ಲ ಕ್ಯಾನ್ಸರುಗಳಲ್ಲಿ ಚರ್ಮದ್ದು ನೂರಕ್ಕೆ ಒಂದೆರಡು ಮಾತ್ರ. (ರಕ್ತದ ಗುಂಪು ನೋಡಿ ಸ್ವಭಾವ ಹೇಳುವವರು, ಊಟ ಹೇಳುವವರು, ಜೋಡಿ ಕೂಡಿಸುವವರು ಈಗ ಹುಟ್ಟಿಕೊಂಡಿದ್ದಾರೆ. ಅವರ ಮಾತು ಇಲ್ಲಿ ಬೇಡ.)

ಇನ್ನು ಅಂಗಾಂಶದ ಗುರುತು. ಇದು ರಕ್ತದ ಗುಂಪಿಗಿಂತ ಬಹಳ ಸ್ವಾರಸ್ಯದ ವಿಷಯ, ಮತ್ತು ಇದರ ಕಥೆ ಆರಂಭವಾಗುವುದೇ ಚರ್ಮದಿಂದ. ಎರಡನೆಯ ಮಹಾಯುದ್ಧದಲ್ಲಿ ಸುಟ್ಟ ಗಾಯಗಳಾದವರಿಗೆ ಬೇರೆಯವರ ಚರ್ಮದ ತುಂಡನ್ನು ಕಸಿ ಮಾಡಿ ನೋಡುತ್ತಿದ್ದರು. ಕೆಲವು ದಿನ ಚೆನ್ನಾಗಿ ಕೂತ ಚರ್ಮ ಆಮೇಲೆ ಒಣಗಿ ಉದುರುತ್ತಿತ್ತು. ಅದೇ ವ್ಯಕ್ತಿಯಿಂದ ಎರಡನೆಯ ಸಲ ತಂದು ಹಾಕಿದರೆ ಇನ್ನೂ ಬೇಗ ಉದುರುತ್ತಿತ್ತು. ರೋಗಿಯದೇ ತೊಡೆಯ ಚರ್ಮ ಹಾಕಿದರೆ ಮಾತ್ರ ಉಳಿಯುತ್ತಿತ್ತು. 1943ರಲ್ಲಿ ಪೀಟರ್ ಮೆಡವಾರ್ ಮತ್ತು ಗಿಬ್ಸನ್ ಇದನ್ನು ಗ್ಲಾಸ್ಗೋದಲ್ಲಿ ವಿವರವಾಗಿ ದಾಖಲಿಸಿ, ಇದು ಸೋಂಕಲ್ಲ, ದೇಹವೇ ಪರಕೀಯ ಚರ್ಮವನ್ನು ಗುರುತಿಸಿ ಹೊರದೂಡುತ್ತಿದೆ ಎಂದು ತೋರಿಸಿದರು. ಎರಡನೆಯ ಸಲ ಬೇಗ ಉದುರಿದ್ದು ಏಕೆಂದರೆ ದೇಹಕ್ಕೆ ನೆನಪಿತ್ತು.

ಏನನ್ನು ನೋಡಿ ಗುರುತಿಸುತ್ತದೆ? 1958ರಲ್ಲಿ ಫ್ರಾನ್ಸಿನ ಜಾನ್ ಡೋಸೆ ಬಿಳಿಯ ರಕ್ತಕಣಗಳ ಮೇಲೆ ಅಂಥ ಮೊದಲ ಗುರುತನ್ನು ಕಂಡುಹಿಡಿದರು. ಇಂದು ಅವುಗಳಿಗೆ ಎಚ್‌ಎಲ್‌ಎ ಎಂದು ಹೆಸರು. ಇವುಗಳ ಆದೇಶಗಳೆಲ್ಲ 6ನೆಯ ವರ್ಣತಂತುವಿನ ಒಂದು ತುಣುಕಿನಲ್ಲಿ ಒಂದರ ಪಕ್ಕ ಒಂದು ಕೂತಿವೆ. ರಕ್ತದ ಗುಂಪಿನಲ್ಲಿ ಮುಖ್ಯವಾಗಿ ಮೂರು ಬಗೆಯ ಪ್ರತಿಗಳಾದರೆ, ಎಚ್‌ಎಲ್‌ಎಯಲ್ಲಿ ಈವರೆಗೆ ಹೆಸರಿಟ್ಟ ಬಗೆಗಳು ಮೂವತ್ತು ಸಾವಿರಕ್ಕೂ ಹೆಚ್ಚು.

ಈ ಗುರುತು ಇರುವುದು ಕಸಿಯ ವೈದ್ಯರಿಗೆ ತೊಂದರೆ ಕೊಡಲಿಕ್ಕಲ್ಲ. ಪ್ರತಿ ಕೋಶವೂ ತನ್ನೊಳಗೆ ತಯಾರಾಗುವ ಪ್ರೋಟೀನುಗಳ ಚೂರುಗಳನ್ನು ಎಚ್‌ಎಲ್‌ಎ ಎಂಬ ತಟ್ಟೆಯಲ್ಲಿಟ್ಟು ಹೊರಗೆ ತೋರಿಸುತ್ತಿರುತ್ತದೆ. ಕಾವಲು ತಿರುಗುವ ಬಿಳಿಯ ಕಣಗಳು ಬಂದು ನೋಡುತ್ತವೆ. ತಟ್ಟೆಯಲ್ಲಿ ಮಾಮೂಲಿ ಚೂರು ಇದ್ದರೆ ಮುಂದೆ ಹೋಗುತ್ತವೆ. ವೈರಸ್ಸಿನ ಚೂರೋ ಕೆಟ್ಟ ಕೋಶದ ವಿಲಕ್ಷಣ ಚೂರೋ ಕಂಡರೆ ಆ ಕೋಶವನ್ನು ಅಲ್ಲಿಯೇ ಕೊಲ್ಲುತ್ತವೆ. 1974ರಲ್ಲಿ ಜಿಂಕರ್‌ನಾಗೆಲ್ ಮತ್ತು ಡೋಹರ್ಟಿ ಇಲಿಗಳಲ್ಲಿ ಈ ಏರ್ಪಾಡನ್ನು ಬಿಡಿಸಿ ತೋರಿಸಿದರು, 1996ರಲ್ಲಿ ನೊಬೆಲ್ ಪಡೆದರು. ಒಬ್ಬೊಬ್ಬರ ತಟ್ಟೆಯ ಆಕಾರ ಬೇರೆ. ನನ್ನ ತಟ್ಟೆಯಲ್ಲಿ ಚೆನ್ನಾಗಿ ನಿಲ್ಲುವ ಚೂರು ನಿಮ್ಮ ತಟ್ಟೆಯಲ್ಲಿ ಜಾರಿಬೀಳಬಹುದು. ಕ್ಯಾನ್ಸರಿನ ವಿಷಯದಲ್ಲಿ ಅಂಗಾಂಶದ ಗುರುತಿಗೆ ಬೆಲೆ ಬರುವುದು ಇಲ್ಲಿಯೇ.

ಬಿಸಿಲು ಚರ್ಮದ ಕೋಶಕ್ಕೆ ಏನು ಮಾಡುತ್ತದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ವಿಜಯಪುರ ಇರುವುದು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ವರ್ಷಕ್ಕೆ ಎರಡು ಸಲ ಸೂರ್ಯ ನೇರ ನೆತ್ತಿಯ ಮೇಲೆ ಬಂದು ಗೋಲಗುಮ್ಮಟದ ಗೋಡೆಗೂ ನೆರಳಿಲ್ಲದಂತೆ ಮಾಡುತ್ತಾನೆ. ತಿಕೋಟಾದ ದ್ರಾಕ್ಷಿ ತೋಟಗಳಲ್ಲಿ ಚಾಟಣಿಯ ಕೆಲಸಕ್ಕೆ, ಬಬಲೇಶ್ವರದ ಎರೆಹೊಲಗಳಲ್ಲಿ ಜೋಳದ ಕೆಲಸಕ್ಕೆ ಇಳಿದವರು ದಿನವಿಡೀ ಆ ಬಿಸಿಲಿಗೆ ಮೈಯೊಡ್ಡುತ್ತಾರೆ. ಬಿಸಿಲಿನ ಅತಿನೇರಳೆ ಕಿರಣಗಳು ಕೋಶದ ಡಿಎನ್‌ಎಯಲ್ಲಿ ಅಕ್ಕಪಕ್ಕದ ಅಕ್ಷರಗಳನ್ನು ಬೆಸೆದುಬಿಡುತ್ತವೆ. ಕೋಶದೊಳಗಿನ ದುರಸ್ತಿಗಾರರು ಆ ಭಾಗವನ್ನು ಕತ್ತರಿಸಿ ಹೊಸದನ್ನು ಹೊಲಿಯುತ್ತಾರೆ. ಹೊಲಿಗೆ ತಪ್ಪಿದಲ್ಲಿ ಅಕ್ಷರ ಬದಲಾಗುತ್ತದೆ. ಬದಲಾದ ಆದೇಶದಿಂದ ವಿಲಕ್ಷಣ ಪ್ರೋಟೀನು, ಅದರ ಚೂರು ತಟ್ಟೆಗೆ, ಕಾವಲುಗಾರನ ಕಣ್ಣಿಗೆ. ಎಲ್ಲ ಸರಿಯಾಗಿ ನಡೆದರೆ ಆ ಕೋಶ ಸಾಯುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ನಮ್ಮವರ ಚರ್ಮದಲ್ಲಿರುವ ಕಪ್ಪು ವರ್ಣದ್ರವ್ಯ, ಮೆಲನಿನ್, ಕಿರಣಗಳನ್ನು ಮೊದಲೇ ಬಹುಮಟ್ಟಿಗೆ ತಡೆಯುವುದರಿಂದ ಈ ತೊಂದರೆ ನಮಗೆ ಕಡಿಮೆ. ಹೊಲದ ರುಮಾಲು, ತಲೆಯ ಮೇಲಿನ ಸೆರಗು ಉಳಿದದ್ದನ್ನು ನೋಡಿಕೊಳ್ಳುತ್ತವೆ. ಮದುವೆಗೆ ಮೊದಲು ಹುಡುಗಿಯ ಬಣ್ಣ ನೋಡುವ ಹಿರಿಯರಿಗೆ ಇದನ್ನು ಯಾರಾದರೂ ಹೇಳಬೇಕು.

ಕಾವಲುಗಾರರನ್ನು ತೆಗೆದುಬಿಟ್ಟರೆ ಏನಾಗುತ್ತದೆ? ಮೂತ್ರಪಿಂಡದ ಕಸಿ ಮಾಡಿಸಿಕೊಂಡವರಲ್ಲಿ ನಿಜವಾಗಿಯೂ ಹಾಗೆ ಆಗುತ್ತದೆ. ಪರರ ಅಂಗ ಉಳಿಯಲೆಂದು ಅವರಿಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಗಳನ್ನು ಜೀವನಪರ್ಯಂತ ಕೊಡಬೇಕಾಗುತ್ತದೆ. ನೆದರ್‌ಲ್ಯಾಂಡ್ಸ್ ದೇಶದಲ್ಲಿ ಅಂಥವರನ್ನು ಎಣಿಸಿದಾಗ, ಕಸಿಯಾಗಿ ಹತ್ತು ವರ್ಷಗಳಾಗುವಷ್ಟರಲ್ಲಿ ನೂರಕ್ಕೆ ಹತ್ತು ಜನರಿಗೆ, ಇಪ್ಪತ್ತು ವರ್ಷಗಳಾಗುವಷ್ಟರಲ್ಲಿ ನಲವತ್ತು ಜನರಿಗೆ ಚರ್ಮದ ಕ್ಯಾನ್ಸರ್ ಬಂದಿತ್ತು. ಅವರಲ್ಲಿಯೂ ಎಲ್ಲರಿಗೂ ಬರಲಿಲ್ಲ. ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಎಂದು ಅಲ್ಲಿನ ವೈದ್ಯರು ಅಂಗಾಂಶದ ಗುರುತುಗಳನ್ನು ತೆಗೆದು ನೋಡಿದರು. ‘ಎ11’ ಎಂಬ ಗುರುತಿದ್ದವರಲ್ಲಿ ಕಡಿಮೆ, ದಾನಿಯ ಗುರುತಿನೊಡನೆ ‘ಬಿ’ ಸಾಲಿನಲ್ಲಿ ಹೊಂದಾಣಿಕೆಯಿಲ್ಲದವರಲ್ಲಿ ಹೆಚ್ಚು ಎಂದು 1990 ಮತ್ತು 1991ರಲ್ಲಿ ಪ್ರಕಟಿಸಿದರು. (ಈ ‘ಎ’, ‘ಬಿ’ಗಳು ರಕ್ತದ ಗುಂಪಿನವಲ್ಲ. ಒಂದೇ ಅಕ್ಷರವನ್ನು ಎರಡು ಕಡೆ ಬಳಸಿದ್ದು ವಿಜ್ಞಾನಿಗಳ ತಪ್ಪು, ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುವವರು ನೀವು.) ಮುಂದೆ ಬೇರೆ ಊರುಗಳಲ್ಲಿ ನಡೆದ ಎಣಿಕೆಗಳೆಲ್ಲ ಅದೇ ಮಾತನ್ನು ಹೇಳಲಿಲ್ಲ. ಆದರೆ 2016ರಲ್ಲಿ, ಕಸಿಯ ರೋಗಿಗಳಲ್ಲದ ಸಾವಿರಾರು ಸಾಮಾನ್ಯ ಜನರ ಇಡೀ ಆನುವಂಶಿಕ ಬರಹವನ್ನು ಜಾಲಾಡಿದಾಗಲೂ ಶಲ್ಕಕೋಶದ ಕ್ಯಾನ್ಸರಿನೊಡನೆ ತಳುಕು ಹಾಕಿಕೊಂಡ ಜಾಗಗಳಲ್ಲಿ 6ನೆಯ ವರ್ಣತಂತುವಿನ ಇದೇ ತುಣುಕು ಮತ್ತೆ ಕಾಣಿಸಿಕೊಂಡಿತು. ಅದರ ಜೊತೆಗೆ ಚರ್ಮದ ಬಣ್ಣವನ್ನು ನಿರ್ಧರಿಸುವ ಆದೇಶಗಳೂ ಇದ್ದವು. ನನ್ನ ಅಭಿಪ್ರಾಯದಲ್ಲಿ ಅಂಗಾಂಶದ ಗುರುತಿನ ನಂಟು ನಿಜ, ಆದರೆ ಒಬ್ಬ ವ್ಯಕ್ತಿಗೆ ಭವಿಷ್ಯ ಹೇಳುವಷ್ಟು ಗಟ್ಟಿಯಾದದ್ದಲ್ಲ.

ಇದೇ ಕಾವಲಿನ ಇನ್ನೊಂದು ಮುಖವನ್ನು ತೊನ್ನಿನಲ್ಲಿ ನೋಡುತ್ತೇವೆ. ನಮ್ಮ ಕಡೆ ತೊನ್ನು ಬಂದವರನ್ನು ಪಂಕ್ತಿಯಲ್ಲಿ ದೂರ ಕೂರಿಸುವವರು ಇನ್ನೂ ಇದ್ದಾರೆ. ಅದು ಅಂಟುವುದಿಲ್ಲ. ದೇಹದ ಕಾವಲುಗಾರರು ಅತಿ ಉತ್ಸಾಹದಿಂದ ತಮ್ಮದೇ ಬಣ್ಣದ ಕೋಶಗಳನ್ನು ಕೊಲ್ಲುವುದರಿಂದ ಬರುವ ಬಿಳುಪು ಅದು. ಅದಕ್ಕೂ ಎಚ್‌ಎಲ್‌ಎಗೂ ನಂಟಿರುವುದು 2010ರಲ್ಲಿ ದೊಡ್ಡ ಪ್ರಮಾಣದಲ್ಲಿ ಖಚಿತವಾಯಿತು. ಯೂರೋಪಿನಲ್ಲಿ ಎಣಿಸಿದಾಗ ತೊನ್ನು ಇರುವವರಲ್ಲಿ ಮೆಲನೋಮ ಕಡಿಮೆ ಕಂಡಿದೆ. ಬಣ್ಣದ ಕೋಶಗಳ ಮೇಲೆ ಹದ್ದಿನ ಕಣ್ಣಿಟ್ಟ ದೇಹದಲ್ಲಿ ಬಣ್ಣದ ಕೋಶದ ಕ್ಯಾನ್ಸರ್ ತಲೆಯೆತ್ತುವುದು ಕಷ್ಟ.

ಈಗ ಬಬಲೇಶ್ವರದ ಹುಡುಗಿಯ ಕಾಗದಕ್ಕೆ ಮರಳೋಣ. ಅಜ್ಜನ ಅಂಗಾಂಶದ ಗುರುತು ಇವಳಿಗೆ ಬಂದಿದೆಯೆ? ಎಚ್‌ಎಲ್‌ಎ ಆದೇಶಗಳು ಒತ್ತಾಗಿ ಕೂತಿರುವುದರಿಂದ ಸಾಮಾನ್ಯವಾಗಿ ಇಡೀ ಗೊಂಚಲು ಒಟ್ಟಿಗೇ ಇಳಿಯುತ್ತದೆ. ತಂದೆಗೆ ಎರಡು ಗೊಂಚಲು, ಒಂದು ಅಜ್ಜನದು, ಒಂದು ಅಜ್ಜಿಯದು. ಅವುಗಳಲ್ಲಿ ಒಂದು ಇವಳಿಗೆ. ಎಂದರೆ ಅಜ್ಜನ ಗೊಂಚಲು ಇವಳಲ್ಲಿರುವ ಸಂಭವ ಎರಡಕ್ಕೆ ಒಂದು. ಅಜ್ಜನ ‘ಓ’ ಇವಳಿಗೆ ಬಂದದ್ದು ಖಚಿತ ಎಂದೆವಲ್ಲ, ಅದರಿಂದ ಈ ಲೆಕ್ಕ ಸ್ವಲ್ಪವೂ ಬದಲಾಗುವುದಿಲ್ಲ. ಒಂದು 9ನೆಯ ವರ್ಣತಂತುವಿನಲ್ಲಿ, ಇನ್ನೊಂದು 6ನೆಯದರಲ್ಲಿ. ಬೇರೆ ಬೇರೆ ಪೆಟ್ಟಿಗೆಗಳು. ಅಣ್ಣ ತಮ್ಮಂದಿರ ರಕ್ತದ ಗುಂಪು ಒಂದೇ ಇದ್ದರೂ ಅಂಗಾಂಶ ಪೂರ್ತಿ ಹೊಂದುವುದು ನಾಲ್ಕಕ್ಕೊಬ್ಬರಲ್ಲಿ ಮಾತ್ರ. ಮೂತ್ರಪಿಂಡ ಕೊಡಲು ಸಿದ್ಧರಾದ ಎಷ್ಟೋ ಒಡಹುಟ್ಟಿದವರು ಇದನ್ನು ಆಸ್ಪತ್ರೆಯಲ್ಲಿ ಮೊದಲ ಸಲ ಕೇಳಿ ಅಚ್ಚರಿಪಡುತ್ತಾರೆ.

ಹಾಗಾದರೆ ಆನುವಂಶಿಕವಾಗಿ ನೇರವಾಗಿ ಬರುವ ಚರ್ಮದ ಕ್ಯಾನ್ಸರ್ ಇಲ್ಲವೇ ಇಲ್ಲವೆ? ಇದೆ, ಬಹಳ ಅಪರೂಪವಾಗಿ. ಮೇಲೆ ಹೇಳಿದ ದುರಸ್ತಿಗಾರರೇ ಹುಟ್ಟಿನಿಂದ ಕೆಲಸ ಮಾಡದ ಒಂದು ಕಾಯಿಲೆಗೆ ಜೀರೋಡರ್ಮ ಪಿಗ್ಮೆಂಟೋಸಮ್ ಎಂದು ಹೆಸರು. ಎರಡು ವರ್ಷದ ಮಗುವಿನ ಮುಖ ಕೈಗಳಲ್ಲಿ ಒತ್ತಾದ ಕಪ್ಪು ಚುಕ್ಕೆಗಳು, ಬೆಳಕಿಗೆ ಕಣ್ಣು ಬಿಡಲಾಗದ ಬಾಧೆ, ಹತ್ತು ವರ್ಷ ತುಂಬುವ ಮೊದಲೇ ಕ್ಯಾನ್ಸರ್. ದುರಸ್ತಿಯ ದೋಷವೇ ಇದರ ಮೂಲ ಎಂದು 1968ರಲ್ಲಿ ಜೇಮ್ಸ್ ಕ್ಲೀವರ್ ತೋರಿಸಿದರು. ಇದು ಬರಬೇಕಾದರೆ ಕೆಟ್ಟ ಪ್ರತಿ ತಂದೆ ತಾಯಿ ಇಬ್ಬರಿಂದಲೂ ಬರಬೇಕು. ಅವರಿಬ್ಬರೂ ಆರೋಗ್ಯವಾಗಿಯೇ ಇರುತ್ತಾರೆ. ಒಂದೇ ಮನೆತನದ ಇಬ್ಬರಲ್ಲಿ ಅದೇ ಕೆಟ್ಟ ಪ್ರತಿ ಅಡಗಿರುವ ಸಂಭವ ಹೆಚ್ಚು. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ, ಅತ್ತೆಯ ಮಗನಿಗೆ ಮಾವನ ಮಗಳನ್ನು ತರುವ ನಮ್ಮ ರೂಢಿಯನ್ನು ನೀವು ಬಲ್ಲಿರಿ. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳ ಹೆರಿಗೆ ಆಸ್ಪತ್ರೆಗಳಲ್ಲಿ ಹತ್ತಾರು ಸಾವಿರ ಶಿಶುಗಳನ್ನು ಪರೀಕ್ಷಿಸಿದಾಗ ಸುಮಾರು ಮೂರನೆಯ ಒಂದು ಭಾಗ ಇಂಥ ಸಂಬಂಧದಲ್ಲಿ ಹುಟ್ಟಿದವರು. ಹತ್ತಿರದ ಸಂಬಂಧದಲ್ಲಿ ಮದುವೆಯಾದವರ ಮಕ್ಕಳೆಲ್ಲ ರೋಗಿಗಳು ಎಂದು ಇದರ ಅರ್ಥವಲ್ಲ, ಬಹುಪಾಲು ಮಕ್ಕಳು ಗಟ್ಟಿಮುಟ್ಟಾಗಿಯೇ ಇರುತ್ತಾರೆ. ಆದರೆ ಅಡಗಿದ್ದದ್ದು ಹೊರಬರುವ ದಾರಿ ಅಲ್ಲಿ ಅಗಲವಾಗುತ್ತದೆ. 1952ರಲ್ಲಿ ಡಾ. ಭೆಂಡೆ ಮತ್ತು ಸಂಗಡಿಗರು ಕಂಡುಹಿಡಿದ ‘ಬಾಂಬೆ’ ರಕ್ತದ ಗುಂಪು ಬರುವುದೂ ಇದೇ ದಾರಿಯಿಂದ. ಅಂಥವರು ಸಾಮಾನ್ಯ ಪರೀಕ್ಷೆಯಲ್ಲಿ ‘ಓ’ ಎಂದು ಕಾಣುತ್ತಾರೆ, ಆದರೆ ‘ಓ’ ರಕ್ತ ಅವರಿಗೆ ಆಗಿಬರುವುದಿಲ್ಲ.

ಬಾಂಬೆ ಎಂದಾಗ ಒಬ್ಬರನ್ನು ನೆನೆಯದೆ ಮುಂದೆ ಹೋಗಲಾರೆ. ಟಾಟಾ ಸ್ಮಾರಕ ಆಸ್ಪತ್ರೆಯ ರೋಗಶಾಸ್ತ್ರಜ್ಞ ಡಾ. ವಿ. ಆರ್. ಖಾನೋಲ್ಕರ್ 1945ರಲ್ಲಿ ಸಹೋದ್ಯೋಗಿ ಸೂರ್ಯಾಬಾಯಿಯವರೊಡನೆ ಒಂದು ಲೇಖನ ಪ್ರಕಟಿಸಿದರು. ನಮ್ಮ ಜನರ ರೂಢಿಗಳಿಂದ ಬರುವ ಮೂರು ಬಗೆಯ ಕ್ಯಾನ್ಸರುಗಳನ್ನು ಅದರಲ್ಲಿ ವಿವರಿಸಿದರು. ಅವುಗಳಲ್ಲಿ ಒಂದು ‘ಧೋತರದ ಕ್ಯಾನ್ಸರ್’. ಸೊಂಟಕ್ಕೆ ಬಿಗಿಯಾಗಿ ಕಟ್ಟಿದ ಧೋತರ ವರ್ಷಗಟ್ಟಲೆ ಒಂದೇ ಜಾಗವನ್ನು ಉಜ್ಜಿ, ಚರ್ಮ ದಪ್ಪಗಾಗಿ, ಬಣ್ಣ ಹೋಗಿ, ಹುಣ್ಣಾಗಿ, ಕೊನೆಗೆ ಕ್ಯಾನ್ಸರಾಗುವುದು. ಸೀರೆಯ ಲಂಗದ ಲಾಡಿಯಿಂದಲೂ ಹೀಗಾದದ್ದು ಮುಂದೆ ವರದಿಯಾಗಿದೆ. ಇದೇ ಖಾನೋಲ್ಕರ್ ಎಲ್. ಡಿ. ಸಂಘ್ವಿಯವರೊಡನೆ ಸೇರಿ ಬಾಂಬೆಯ ಆರು ಸಮುದಾಯಗಳ ರಕ್ತದ ಗುಂಪು ಮೊದಲಾದ ಆನುವಂಶಿಕ ಲಕ್ಷಣಗಳನ್ನೂ ಎಣಿಸಿದರು. ಹುಟ್ಟಿನಿಂದ ಬಂದದ್ದು ಎಷ್ಟು, ರೂಢಿಯಿಂದ ಬಂದದ್ದು ಎಷ್ಟು ಎಂಬುದನ್ನು ಬೇರ್ಪಡಿಸಬೇಕೆಂದು ಎರಡನ್ನೂ ಒಬ್ಬರೇ ಕೈಗೆತ್ತಿಕೊಂಡ ಮನುಷ್ಯ.

ನಮ್ಮ ಕಡೆಯ ಶಲ್ಕಕೋಶದ ಕ್ಯಾನ್ಸರುಗಳಲ್ಲಿ ಎಷ್ಟೋ ಅಂಥ ‘ರೂಢಿ’ಯ ಜಾಗಗಳಲ್ಲಿ ಹುಟ್ಟುತ್ತವೆ. ಕಾಶ್ಮೀರದಲ್ಲಿ ಕಾಂಗ್ಡಿಯ ಕೆಂಡ ತಾಗಿದ ಹೊಟ್ಟೆ ತೊಡೆಗಳಲ್ಲಿ. ವಿಜಯಪುರದ ನೆರೆಯ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಕೊಳವೆಬಾವಿಯ ನೀರಿನಲ್ಲಿ ಆರ್ಸೆನಿಕ್ ಇರುವುದೂ ಅಲ್ಲಿನವರ ಅಂಗೈ ಅಂಗಾಲುಗಳಲ್ಲಿ ಅದರಿಂದ ಗಂಟುಗಳಾಗಿರುವುದೂ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿದೆ. ಇಂಥ ಗಂಟುಗಳು ವರ್ಷಗಳ ಮೇಲೆ ಕ್ಯಾನ್ಸರಿಗೆ ತಿರುಗಬಲ್ಲವು. ಎಲ್ಲಕ್ಕಿಂತ ಸಾಮಾನ್ಯವಾದದ್ದು ಹಳೆಯ ಸುಟ್ಟ ಗಾಯದ ಕಲೆ. ಎಂದೋ ಸುಟ್ಟು ಮಾಯ್ದ ಜಾಗ ಇಪ್ಪತ್ತು ಮೂವತ್ತು ವರ್ಷಗಳ ಬಳಿಕ, ಕೆಲವೊಮ್ಮೆ ಇನ್ನೂ ತಡವಾಗಿ, ಮತ್ತೆ ಒಡೆಯುತ್ತದೆ. ಒಡೆದದ್ದು ಮಾಯುವುದಿಲ್ಲ. ಅಂಚು ಎತ್ತರವಾಗಿ ಗಟ್ಟಿಯಾಗುತ್ತದೆ, ಮುಟ್ಟಿದರೆ ರಕ್ತ ಬರುತ್ತದೆ, ವಾಸನೆ ಬರುತ್ತದೆ. ನೋವು ಮಾತ್ರ ಹೆಚ್ಚಿರುವುದಿಲ್ಲ, ಆದ್ದರಿಂದಲೇ ತಡವಾಗುತ್ತದೆ. ಅಂಗಾಲಿನಲ್ಲಿ, ಉಗುರಿನ ಕೆಳಗೆ ಹೊಸದಾಗಿ ಹುಟ್ಟಿ ಹರಡುವ ಕಪ್ಪು ಕಲೆಯನ್ನೂ ಹೀಗೆಯೇ ನೋಡಬೇಕು. ನಮ್ಮವರಲ್ಲಿ ಮೆಲನೋಮ ಬಂದರೆ ಹೆಚ್ಚಾಗಿ ಅಲ್ಲಿ.

ನಾನು ಆ ಹುಡುಗಿಗೆ ಕೇಳಿದೆ: ಅಜ್ಜನ ಕಾಲಿಗೆ ಮೊದಲು ಏನಾಗಿತ್ತು? ಅವಳು ಯೋಚಿಸದೆ ಹೇಳಿದಳು. ಅಜ್ಜ ಪ್ರಾಯದಲ್ಲಿದ್ದಾಗ ಹೊಲದ ಬಣವೆಗೆ ಬೆಂಕಿ ಬಿದ್ದು, ಆರಿಸಲು ಹೋಗಿ ಕಾಲು ಸುಟ್ಟುಕೊಂಡಿದ್ದರು. ಆ ಕಲೆಯ ನಡುವೆಯೇ ಹುಣ್ಣು. ಎರಡು ವರ್ಷ ಅರಿಶಿನ, ಬೇವು, ಅಂಗಡಿಯ ಮುಲಾಮು ನಡೆದಿತ್ತು. ಸಕ್ಕರೆ ಕಾಯಿಲೆಯ ಹುಣ್ಣಿರಬೇಕೆಂದು ಒಬ್ಬರು, ಮಾಟ ಎಂದು ಇನ್ನೊಬ್ಬರು ಹೇಳಿದ್ದರು.

ಬಬಲೇಶ್ವರದಿಂದ ವಿಜಯಪುರ ನಗರಕ್ಕೆ ಒಂದು ಗಂಟೆಯ ಬಸ್ಸಿನ ದಾರಿಯೂ ಇಲ್ಲ. ನಗರದಲ್ಲಿ ಜಿಲ್ಲಾ ಆಸ್ಪತ್ರೆಯಿದೆ, ಎರಡು ವೈದ್ಯಕೀಯ ಕಾಲೇಜುಗಳಿವೆ. ಹುಣ್ಣಿನ ಅಂಚಿನಿಂದ ಕಡಲೆಕಾಳಿನಷ್ಟು ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು ಅಲ್ಲಿ ದಿನನಿತ್ಯದ ಕೆಲಸ. ಚೂರು ತೆಗೆದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತನ್ನು ಅವಳ ಮನೆಯವರೂ ಹೇಳಿದರು. ಅದು ನಿಜವಲ್ಲ ಎಂದು ಅವಳೇ ಅವರಿಗೆ ತಿಳಿಹೇಳಿ, ಮುಂದಿನ ಸೋಮವಾರ ಅಜ್ಜನನ್ನು ಕರೆದುಕೊಂಡು ಬಂದಳು.

ಶಲ್ಕಕೋಶದ ಕ್ಯಾನ್ಸರ್ ಎಂದೇ ಫಲಿತಾಂಶ ಬಂತು. ತೊಡೆಸಂದಿನ ಗ್ರಂಥಿಗಳಿಗೆ ಹರಡಿರಲಿಲ್ಲ. ಸುತ್ತಲಿನ ಒಳ್ಳೆಯ ಚರ್ಮದ ಒಂದಿಷ್ಟು ಅಂಚು ಸಮೇತ ಹುಣ್ಣನ್ನು ಪೂರ್ತಿಯಾಗಿ ತೆಗೆದರು. ಶಸ್ತ್ರಕ್ರಿಯೆಯ ಹಿಂದಿನ ದಿನ ದಾದಿ ಬಂದು ಅವರ ರಕ್ತದ ಗುಂಪು ಬರೆದುಕೊಂಡಳು, ಬೇಕಾದರೆ ಒಂದು ಬಾಟಲಿ ಸಿದ್ಧವ��ರಲಿ ಎಂದು. ಇಡೀ ಪ್ರಕರಣದಲ್ಲಿ ಅವರ ‘ಓ’ ಗುಂಪಿನ ಮಾತು ಬಂದದ್ದು ಆಗ ಮಾತ್ರ. ತೆರೆದ ಗಾಯದ ಮೇಲೆ ಅವರದೇ ತೊಡೆಯಿಂದ ಹೀರಿದ ಕಾಗದದಷ್ಟು ತೆಳುವಾದ ಚರ್ಮವನ್ನು ಹಾಸಿದರು. ಐದನೆಯ ದಿನ ಪಟ್ಟಿ ಬಿಚ್ಚಿದಾಗ ಚರ್ಮ ಗುಲಾಬಿ ಬಣ್ಣದಲ್ಲಿ ಹಿಡಿದು ಕೂತಿತ್ತು. ಮೊಮ್ಮಗಳು ಪಕ್ಕದಲ್ಲಿ ನಿಂತು, ಇದು ಉದುರುವುದಿಲ್ಲವೇ ಎಂದು ವೈದ್ಯರನ್ನು ಕೇಳಿದಳು. ಅವರು ಉತ್ತರಿಸುವ ಮೊದಲೇ, “ಇಲ್ಲ, ಇದು ಅಜ್ಜನದೇ ಅಲ್ಲ” ಎಂದು ತನಗೆ ತಾನೇ ಹೇಳಿಕೊಂಡಳು.